ಖಾಲಿ ಚಿಠ್ಠಿಗಳು

ಹನ್ನೊಂದನೆಯ ಚಿಠ್ಠಿಯೂ ಖಾಲಿಯೇ ಇತ್ತು. ಮೀನಲ ಅದರ ದಾರ ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ, ಕಿಟಕಿಯ ಬೆಳಕಿಗೂ ಹಿಡಿದು ನೋಡಿದಳು. ಬಿಳಿ ಕಾಗದ, ಅಷ್ಟೇ. ಬಿಸ್ಕೀಟಿನ ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿ ಉಳಿದವನ್ನೂ ಬಿಚ್ಚಿದಳು. ಒಂದರಲ್ಲೂ ಒಂದಕ್ಷರವಿರಲಿಲ್ಲ. ತಾನು ಅಂದುಕೊಂಡದ್ದೇ ನಿಜವಾಯಿತೆಂದು ಖುಷಿಯಾಗಬೇಕಿತ್ತು, ಆದರೆ ಆಗಲಿಲ್ಲ.

ಉಮರ್ಗಾದ ಆ ಸಣ್ಣ ಚರ್ಚಿನಲ್ಲಿ ಹೊಸ ವರ್ಷದ ಬೆಳಿಗ್ಗೆ ಮಕ್ಕಳಿಗೆ ವಾಗ್ದಾನದ ಚಿಠ್ಠಿ ಕೊಡುವ ರೂಢಿ. ಒಂದೊಂದು ಚಿಠ್ಠಿಯಲ್ಲಿ ದೇವರ ಒಂದೊಂದು ಮಾತು. ಯಾರಿಗೆ ಯಾವುದು ಬಂತೋ ಅದು ವರ್ಷವಿಡೀ ಅವರದು, ದೇವರೇ ಆರಿಸಿ ಕೊಟ್ಟದ್ದು. ಬೇರೆ ಊರುಗಳಲ್ಲಿ ಮಕ್ಕಳೇ ಡಬ್ಬಿಗೆ ಕೈಹಾಕುತ್ತಾರೆ. ಇಲ್ಲಿ ಮಾತ್ರ ಮಕ್ಕಳು ಕಣ್ಣು ಮುಚ್ಚಿ ಅಂಗೈ ಚಾಚಬೇಕು. ಸಂಡೇ ಸ್ಕೂಲು ನಡೆಸುವ ಪ್ರಯಾಗಬಾಯಿಯೇ ತೆಗೆದು ಅಂಗೈಯಲ್ಲಿಡುತ್ತಾರೆ. ಹುಡುಗರು ಕಿತ್ತಾಡುತ್ತಾರೆ ಎಂಬುದು ಅವರ ಸಬೂಬು. ಹತ್ತು ವರ್ಷದಿಂದ ಯಾರೂ ಯಾಕೆಂದು ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಭೂಕಂಪದ ವರ್ಷ, ಮನೆ ಕಳೆದುಕೊಂಡವರಿಗೆ ಹಾಕಿದ ತಗಡಿನ ಶೆಡ್ಡುಗಳಿಗೆ ಹೋಗಿ, ತಾಯಿ ತಂದೆ ಸತ್ತ ಮಕ್ಕಳನ್ನು ಕೂಡಿಸಿಕೊಂಡು ಹಾಡಿಸಿದ ಹೆಂಗಸು ಅವರು. ಪಾದ್ರಿಗಳು ಕೂಡ ಅವರೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು.

ಈ ವರ್ಷ ಮೀನಲಳಿಗೆ ಬಂದದ್ದು ತೆರೆದ ಬಾಗಿಲಿನ ಮಾತು. ದೇವರು ತೆರೆದದ್ದನ್ನು ಯಾರೂ ಮುಚ್ಚಲಾರರು ಎಂಬ ಅರ್ಥದ್ದು. ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಅದನ್ನು ಹಾಲ್ ಟಿಕೆಟ್ಟಿನ ಜೊತೆ ಮಡಚಿಟ್ಟುಕೊಂಡು ಹೋದಳು. ಉದಗೀರದ ನರ್ಸಿಂಗ್ ಶಾಲೆಗೆ ಫಾರ್ಮು ತುಂಬಿ, ಸೀಟು ಸಿಕ್ಕೇ ಬಿಟ್ಟಿತೆಂಬಂತೆ ಎರಡು ಬಿಳಿ ಚೂಡಿದಾರವನ್ನೂ ಹೊಲಿಸಿಕೊಂಡಳು. ಜೂನಿನಲ್ಲಿ ಸೀಟು ಸಿಕ್ಕವರ ಯಾದಿ ಹಚ್ಚಿದರು. ಅಪ್ಪ ಸೂರ್ಯಕಾಂತನ ಜೊತೆ ಹೋಗಿ ಮೂರು ಸಲ ಮೇಲಿನಿಂದ ಕೆಳಗೆ ಓದಿದಳು. ಹೆಸರಿರಲಿಲ್ಲ. ಬರುವಾಗ ನಿಲಂಗಾದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕೊಡಿಸಿದ ಚಹಾವನ್ನು ಅರ್ಧಕ್ಕೇ ಬಿಟ್ಟಳು. ಮುಂದಿನ ವರ್ಷ ಮತ್ತೆ ತುಂಬು ಎಂದು ಅಪ್ಪ ಅಂದ. ಅವಳು ಇನ್ನೆಂದೂ ತುಂಬುವುದಿಲ್ಲ ಅಂದಳು.

ಮೊದಲು ಸಿಟ್ಟು ಬಂದದ್ದು ದೇವರ ಮೇಲೆ. ಶಂಕೆ ಶುರುವಾದದ್ದು ಆಮೇಲೆ. ತಾಯಿ ಹಾಸಿಗೆ ಹಿಡಿದ ಹುಡುಗಿಗೆ ಗುಣವಾಗುವ ಮಾತೇ ಬಂದಿತ್ತು. ಮಾತೆತ್ತಿದರೆ ಹೊಡೆದಾಟಕ್ಕೆ ನಿಲ್ಲುವ ಕೈಲಾಸನಿಗೆ ತಾಳ್ಮೆಯ ಮಾತು, ಅದೂ ಮೂರು ವರ್ಷ ಸತತ. ದೇವರಿಗೆ ಉಮರ್ಗಾದ ಮನೆಮನೆಯ ಸುದ್ದಿ ಇಷ್ಟು ಪಕ್ಕಾ ಗೊತ್ತಿದ್ದರೆ, ಉದಗೀರದ ಯಾದಿಯೊಂದು ಹೇಗೆ ಗೊತ್ತಾಗದೆ ಹೋಯಿತು? ಚಿಠ್ಠಿ ಆರಿಸುವುದು ದೇವರೋ, ಪ್ರಯಾಗಬಾಯಿಯೋ? ಐದು ತಿಂಗಳು ಅವಳ ತಲೆಯಲ್ಲಿ ಇದೇ ತಿರುಗಿತು. ಕಡೆಗೆ ನವೆಂಬರಿನ ಈ ಕೊನೆಯ ಭಾನುವಾರ, ಎಲ್ಲರೂ ಹೋದ ಮೇಲೆ ಚರ್ಚಿನ ಕಪಾಟು ತೆಗೆದು ಡಬ್ಬಿ ಇಳಿಸಿಕೊಂಡಿದ್ದಳು.

ಪ್ರಯಾಗಬಾಯಿ ಬೀಗ ಹಾಕಲು ಬಂದವರು ಬಾಗಿಲಲ್ಲೇ ನಿಂತರು. ಚಾಪೆ ನೋಡಿದರು, ಹುಡುಗಿಯ ಮುಖ ನೋಡಿದರು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತರು. ಅವರು ಏನೋ ಒಂದು ಸುಳ್ಳು ಹೇಳುತ್ತಾರೆ, ತಾನು ಅದನ್ನೂ ಹಿಡಿಯಬೇಕು ಎಂದು ಮೀನಲ ಕಾಯುತ್ತಿದ್ದಳು.

"ಖಾಲೀನೆ ಅವ," ಅಂದರು ಪ್ರಯಾಗಬಾಯಿ. "ನಿಮ್ಮವು ನಾನೇ ಬರ್ದು ಮುಷ್ಟ್ಯಾಗ ಇಟ್ಕೊಂಡಿರ್ತಿದ್ದೆ. ಯಾರಿಗಿ ಏನ್ ಬೇಕು ಅಂತ ನನಗ ಗೊತ್ತಿರ್ತದಲ್ಲ."

"ನಾ ಅದನ್ನ ದೇವರ ಮಾತು ಅಂತ ಎದಿಗಿ ಹಚ್ಕೊಂಡು ತಿರುಗೀನ್ರಿ ಬಾಯಿ."

ಪ್ರಯಾಗಬಾಯಿ ಖಾಲಿ ಚಿಠ್ಠಿಗಳನ್ನು ಒಂದೊಂದಾಗಿ ಆರಿಸುತ್ತ, ಯಾರಿಗೂ ಹೇಳದ್ದನ್ನು ಹೇಳತೊಡಗಿದರು. ಭೂಕಂಪ ಆದ ಮೂರು ತಿಂಗಳಿಗೆ ಹೊಸ ವರ್ಷ ಬಂದಿತ್ತು. ಮಾಕಣಿ ಕಡೆಯ ಶೆಡ್ಡೊಂದರಲ್ಲಿ ಇದೇ ಡಬ್ಬಿ ಇಟ್ಟು, ಮಕ್ಕಳೇ ತೆಗೆಯಲಿ ಎಂದಿದ್ದರು. ಮಂಗಲಾ ಎಂಬ ಹನ್ನೆರಡು ವರ್ಷದ ಹುಡುಗಿ. ತಾಯಿ, ಇಬ್ಬರು ತಮ್ಮಂದಿರು ಕಲ್ಲುಗಳಡಿ ಹೋಗಿದ್ದರು. ಅವಳ ಕೈಗೆ ಬಂದದ್ದು, ಬಂಡೆಯ ಮೇಲೆ ಕಟ್ಟಿದ ಮನೆ ಬೀಳುವುದಿಲ್ಲ ಎಂಬ ಮಾತು.

"ಜೋರಾಗಿ ಓದಿದ್ಳು. ಓದಿ ನನ್ನ ಮಾರಿ ನೋಡಿ ಕೇಳಿದ್ಳು, ನಮ್ಮ ಮನಿ ಯಾತರ ಮ್ಯಾಲ ಇತ್ರಿ ಬಾಯಿ, ಅಂತ." ಪ್ರಯಾಗಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮತ್ತ ಆಕಿ ಬರ್ಲೇ ಇಲ್ಲ. ಅವತ್ತಿಂದ ಈ ಡಬ್ಬಿ ದೇವರ ಕೈಯಾಗ ಬಿಡ್ಲಾಕ ನನಗ ಧೈರ್ಯ ಆಗಿಲ್ಲವ್ವಾ."

"ನಮಗ ಮಾತ್ರ ವಾರವಾರ ವಿಶ್ವಾಸ ಇಡ್ರಿ ಅಂತ ಹೇಳ್ತೀರಿ."

"ಹೇಳ್ತೀನಿ. ನನಗಂತೂ ಇಲ್ಲ, ನಿಮಗರ ಇರ್ಲಿ ಅಂತ."

ಮೀನಲಳಿಗೆ ಕನಿಕರ ಬರಲಿಲ್ಲ. ಮೋಸ ಅಂದರೆ ಮೋಸ, ಅದಕ್ಕೆ ಎಷ್ಟು ಕಣ್ಣೀರು ಹಚ್ಚಿದರೂ ಅಷ್ಟೇ. ಎದ್ದು ಬಂದಳು. ಮೂರು ಭಾನುವಾರ ಚರ್ಚಿನ ಕಡೆ ಹಾಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಅದು ಯಾಕೆಂದು ಅವಳಿಗೇ ತಿಳಿಯಲಿಲ್ಲ. ಆದರೆ ಮನೆಯಲ್ಲಿ ಕೂತು ಸಿಟ್ಟನ್ನು ತಿರುವಿ ತಿರುವಿ ನೋಡಿದಾಗ ಒಂದು ಮಾತು ಹೊಳೆಯಿತು. ದೇವರು ಅವಳಿಗೆ ಬಾಗಿಲಿನ ಮಾತು ಕೊಟ್ಟಿರಲೇ ಇಲ್ಲ. ಕೊಡದ ಮೇಲೆ ಮಾತು ತಪ್ಪಿದವನೂ ಅಲ್ಲ. ಇಷ್ಟು ತಿಂಗಳು ಅವನ ಜೊತೆ ಸುಮ್ಮನೆ ಜಗಳ ಕಾದಿದ್ದಳು. ಹಾಗಾದರೆ ಅವನು ಹೇಳುವುದು ಏನಾದರೂ ಇದೆಯೇ, ಅಥವಾ ಅಲ್ಲೂ ಖಾಲಿಯೇ? ಇದೊಂದು ತಿಳಿಯದೆ ಫಾರ್ಮಿನ ಕಡೆಗೂ ಕೈ ಹೋಗದು, ಪ್ರಾರ್ಥನೆಯ ಕಡೆಗೂ ಮನಸ್ಸು ಹೋಗದು.

ಡಿಸೆಂಬರಿನ ಕೊನೆಯ ಶನಿವಾರ ಮಧ್ಯಾಹ್ನ ಕತ್ತರಿ, ನೋಟುಬುಕ್ಕು ಹಿಡಿದುಕೊಂಡು ಪ್ರಯಾಗಬಾಯಿಯ ಮನೆಗೆ ಹೋದಳು. ಗ್ರಂಥದೊಳಗಿನ ವಾಗ್ದಾನಗಳನ್ನು ಮೊದಲಿನಿಂದ ಸಾಲಾಗಿ ಬರೆಯಬೇಕು, ಇದು ಬೇಕು ಅದು ಬೇಡ ಅನ್ನಬಾರದು, ಮಕ್ಕಳೇ ಕೈಹಾಕಬೇಕು ಎಂದಳು. ಅವರು ಬೇಡವೆನ್ನಲಿಲ್ಲ. ಸಂಜೆಯವರೆಗೆ ಇಬ್ಬರೂ ಬರೆದರು. ಬಂಡೆಯ ಮೇಲಿನ ಮನೆಯ ಮಾತು ಬಂದಾಗ ಮಾತ್ರ ಪ್ರಯಾಗಬಾಯಿ ಪೆನ್ನು ಕೆಳಗಿಟ್ಟರು.

"ಇದೊಂದು ಬ್ಯಾಡ. ನನ್ನ ಮಾತು ಕೇಳು."

"ಅದೂ ಇರ್ಬೇಕ್ರಿ. ಇಲ್ಲಾಂದ್ರ ಇದೂ ಆರಿಸಿದಂಗೇ ಆಯ್ತು," ಎಂದು ಮೀನಲ ಅದನ್ನು ತಾನೇ ಬರೆದು, ಸುತ್ತಿ, ದಾರ ಕಟ್ಟಿ ಡಬ್ಬಿಗೆ ಹಾಕಿದಳು.

ಹೊಸ ವರ್ಷದ ಬೆಳಿಗ್ಗೆ ಡಬ್ಬಿ ಚಾಪೆಯ ನಡುವೆ ಕೂತಿತು. ಹದಿನಾಲ್ಕು ಮಕ್ಕಳು ಒಬ್ಬೊಬ್ಬರಾಗಿ ತೆಗೆದು ಓದಿದರು. ಒಂದೊಂದು ದಾರ ಬಿಚ್ಚುವಾಗಲೂ ಪ್ರಯಾಗಬಾಯಿ ಉಸಿರು ಹಿಡಿಯುತ್ತಿದ್ದರು, ಮೀನಲ ಅದನ್ನು ಗಮನಿಸುತ್ತಿದ್ದಳು. ಕೈಲಾಸನಿಗೆ ದ್ರಾಕ್ಷಿತೋಟದ ಮಾತು ಬಂತು. ಅವನಿಗೆ ಅದರ ತಲೆಬುಡ ತಿಳಿಯಲಿಲ್ಲ, ಆದರೂ ಜೇಬಿಗೆ ಹಾಕಿಕೊಂಡ. ಮನೆಯ ಚಿಠ್ಠಿ ಯಾರಿಗೂ ಬರದೆ ಡಬ್ಬಿಯಲ್ಲೇ ಉಳಿಯಿತು.

ಮೀನಲಳದು ಕೊನೆಯ ಸರದಿ. ಕೈಗೆ ಸಿಕ್ಕಿದ್ದನ್ನು ತೆಗೆದಳು. ಬಿಚ್ಚಿ ಓದಿದಳು: ನಿನ್ನ ಕೂದಲು ನರೆತು ಮುಪ್ಪಾದ ಮೇಲೂ ನಿನ್ನನ್ನು ಹೊರುವವನು ನಾನೇ ಎಂಬ ಅರ್ಥದ ಮಾತು. ಹುಡುಗರು ಒಮ್ಮೆಲೇ ನಕ್ಕರು. ಕೈಲಾಸ ಅವಳನ್ನು ಅಜ್ಜಿ ಎಂದು ಕರೆದ. ಹದಿನೆಂಟು ತುಂಬದವಳಿಗೆ ಇಂಥದನ್ನು ಭೂಮಿಯ ಮೇಲಿನ ಯಾವ ಮನುಷ್ಯರೂ ಆರಿಸಿ ಕೊಡಲಾರರು. ಅದು ತಲೆಗೆ ಹೋದದ್ದೇ ಅವಳಿಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು.

"ಮುದುಕಿ ಆಗೋತನಕ ಟೈಮ್ ಕೊಟ್ಟಾನಂದ್ರ, ಫಾರ್ಮು ಇನ್ನೊಂದ್ ಸಲ ತುಂಬಾಕ ಏನಾಗ್ಯದ," ಅಂದಳು.

ನಗು ಇಳಿಯಿತು. ಪ್ರಯಾಗಬಾಯಿ ಡಬ್ಬಿಯ ಮುಚ್ಚಳಕ್ಕಾಗಿ ಅತ್ತಿತ್ತ ನೋಡುತ್ತಿದ್ದರು. ಮುಚ್ಚಳ ಮೀನಲಳ ಮಡಿಲಲ್ಲಿತ್ತು. ಅವಳು ಅದನ್ನು ಕೊಡದೆ, ಡಬ್ಬಿಯನ್ನೇ ಎರಡೂ ಕೈಯಿಂದ ಅವರ ಮುಂದೆ ಸರಿಸಿದಳು.

"ನೀವೂ ತೆಗೀರಿ, ಬಾಯಿ."

ಪ್ರಯಾಗಬಾಯಿ ಬಲಗೈಯನ್ನು ಸೆರಗಿಗೆ ಒರೆಸಿಕೊಂಡರು. ಇನ್ನೊಮ್ಮೆ ಒರೆಸಿಕೊಂಡರು. ಆಮೇಲೆ ಕಣ್ಣು ಮುಚ್ಚಿ, ಡಬ್ಬಿಯೊಳಗೆ ಕೈ ಇಳಿಸಿದರು.