ಬಿಚ್ಚಲು ಬಾರದ ಕೊಂಡಿ

ತುಮಕೂರಿನ ಉಪ್ಪಾರಹಳ್ಳಿಯ ಆ ಬಾಡಿಗೆ ಮನೆಯಲ್ಲಿ ಸಂಜೆಯಾಯಿತೆಂದರೆ ಸರ್ವಮಂಗಳ ಗಡಿಯಾರ ನೋಡುತ್ತಿರಲಿಲ್ಲ, ದೇವರ ಗೂಡಿನ ಪಕ್ಕದ ಮೊಳೆ ನೋಡುತ್ತಿದ್ದಳು. ಗಂಡ ಚನ್ನೇಶನ ಕೊರಳಿನ ಇಷ್ಟಲಿಂಗ, ಬೆಳ್ಳಿಯ ಕರಡಿಗೆ ಸಮೇತ ಆ ಮೊಳೆಯಲ್ಲಿ ನೇತಾಡುತ್ತಿದ್ದರೆ ಅವನು ಕುಡಿಯಲು ಹೋಗಿದ್ದಾನೆಂದು ಅರ್ಥ. ಲಿಂಗ ಮೈಮೇಲಿಟ್ಟುಕೊಂಡು ಬಾರಿನ ಮೆಟ್ಟಿಲು ಹತ್ತುವವನಲ್ಲ ಅವನು. ಪುಣ್ಯಾತ್ಮ, ಕುಡಿಯುವುದರಲ್ಲೂ ಒಂದು ಮಡಿ ಇಟ್ಟುಕೊಂಡಿದ್ದ. ಲಿಂಗವನ್ನು ಮೈಯಿಂದ ಅಗಲಿಸಬಾರದೆಂದು ಹಿರಿಯರು ಹೇಳಿದ್ದು ಅವನಿಗೆ ಮರೆತಿರಲಿಲ್ಲ. ತೆಗೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ ನಡೆಸುತ್ತಿದ್ದವನು ಅವನು. ಕೈ ನಡುಗಲು ಶುರುವಾದ ಮೇಲೆ ಮಾಲೀಕರು ಪ್ಯಾಕಿಂಗಿಗೆ ಹಾಕಿದರು. ಸರ್ವಮಂಗಳಳಿಗೆ ಕೆಲಸ ಹೋದೀತೆಂಬ ಚಿಂತೆಗಿಂತ ದೊಡ್ಡ ಭಯ ಬೇರೆ ಇತ್ತು. ಈ ಮನುಷ್ಯ ತನ್ನ ಕಣ್ಣೆದುರೇ ಸ್ವಲ್ಪ ಸ್ವಲ್ಪವಾಗಿ ಕರಗಿಹೋಗುತ್ತಿದ್ದಾನೆ, ಒಂದು ದಿನ ಚಾಪೆಯ ಮೇಲೆ ಬರೀ ಶರ್ಟು ಉಳಿದಿರುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆಗ ಅವಳಿಗೊಂದು ಉಪಾಯ ಹೊಳೆಯಿತು. ಇಂಥ ಉಪಾಯ ನಮ್ಮ ಜನಕ್ಕಲ್ಲದೆ ಬೇರೆ ಯಾರಿಗೂ ಹೊಳೆಯಲಿಕ್ಕಿಲ್ಲ. ಲಿಂಗ ತೆಗೆದಿಟ್ಟ ಮೇಲೆ ತಾನೇ ಕುಡಿಯುವುದು? ತೆಗೆಯಲು ಬಾರದಂತೆ ಮಾಡಿದರೆ? ಹತ್ತಿಯ ಶಿವದಾರದ ಬದಲು, ತಲೆಯ ಮೇಲಿಂದ ಬಾರದಷ್ಟು ಗಿಡ್ಡನೆಯ ಬೆಳ್ಳಿ ಸರ ಮಾಡಿಸಿದಳು. ಅವನನ್ನು ಅಕ್ಕಸಾಲಿಯ ಅಂಗಡಿಯಲ್ಲೇ ಕೂರಿಸಿ, ಕೊಂಡಿಯನ್ನು ಇಕ್ಕಳದಿಂದ ಗಟ್ಟಿಯಾಗಿ ಒತ್ತಿಸಿಬಿಟ್ಟಳು. ಚನ್ನೇಶ ತಾನಾಗಿಯೇ ಕೊರಳು ಕೊಟ್ಟ. ಅವನಿಗೂ ಆಸೆಯಿತ್ತು, ಪಾಪ.

ಕೆಲವು ದಿನ ಆ ಮನೆ ಕನಸಿನಲ್ಲಿ ಕಂಡ ಮನೆಯ ಹಾಗಿತ್ತು. ಸಂಜೆ ಬೆಳಕು ನಿಧಾನವಾಗಿ ಹೋಗುತ್ತಿತ್ತು, ಅವನು ಮಲ್ಲಿಗೆ ತರುತ್ತಿದ್ದ, ಇಬ್ಬರೂ ಒಂದೇ ಹೊತ್ತಿಗೆ ಉಣ್ಣುತ್ತಿದ್ದರು. ಆಮೇಲೊಂದು ಸಂಜೆ ಅವನು ಬಾಗಿಲ ಹೊರಗೇ ನಿಂತ. ಬಾಯಲ್ಲಿ ವಾಸನೆ, ಎದೆಯ ಮೇಲೆ ಲಿಂಗ. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಬರಲಿಲ್ಲ.

"ಅದೊಂದ್ ಉಳಿಸ್ಕೊಂಡಿದ್ದೆ ಕಣೇ ಮಂಗಳ," ಎಂದ. "ಅದೂ ಹೋಯ್ತು."

ಅಂದಿನಿಂದ ಕಾರ್ಖಾನೆಯ ಗೋಡೌನಿನಲ್ಲೇ ಮಲಗತೊಡಗಿದ. ಸ್ನಾನ ಬಿಟ್ಟ, ಪೂಜೆ ಬಿಟ್ಟ. ಕುಡಿತಕ್ಕೆ ಹೊತ್ತುಗೊತ್ತು ಇಲ್ಲದಂತಾಯಿತು. ಮೊಳೆ ಮಾತ್ರ ಖಾಲಿಯೇ ಇತ್ತು, ಅದನ್ನು ನೋಡಿ ಸರ್ವಮಂಗಳ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಕುಡಿತ ಬಿಡಿಸುವ ಜಾಗ ಹುಡುಕಲು ಅವಳು ಹೊರಟಳು. ಮಗಳಿಗೆ ಗಂಡು ಹುಡುಕುವ ಹಾಗೆ ಹತ್ತು ಜನರನ್ನು ವಿಚಾರಿಸುವ ವಿಷಯವಲ್ಲ ಇದು. ಕೇಳಿದರೆ ಮಾನ ಹೋಗುತ್ತದೆ, ಕೇಳದಿದ್ದರೆ ಗಂಡ ಹೋಗುತ್ತಾನೆ. ಬೋರ್ಡು ಓದುತ್ತ ನಡೆದಳು. ನಿದ್ದೆಗೆಟ್ಟ ಕಣ್ಣಿಗೆ ತುಮಕೂರು ನೀರಿನೊಳಗಿನ ಊರಾಗಿತ್ತು. ಬಸ್ಸುಗಳು ಸದ್ದಿಲ್ಲದೆ ತೇಲಿ ಬರುತ್ತಿದ್ದವು, ಎದುರಿಗಿದ್ದವರ ಬಾಯಿ ಮೊದಲು ಆಡಿ, ಮಾತು ಆಮೇಲೆ ಬಂದು ಮುಟ್ಟುತ್ತಿತ್ತು. ಊರಾಚೆಯ ಒಂದು ಕೇಂದ್ರದಲ್ಲಿ, ಯಾವುದೋ ಮದುವೆಗೆಂದು ಸುಳ್ಳು ಹೇಳಿ ಕರೆತನ್ನಿ, ಮಿಕ್ಕಿದ್ದು ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ ಎಂದರು. ಗ್ರಿಲ್ಲಿನ ಹಿಂದೆ ಒಬ್ಬಾತ ನಿಂತು ಅವಳ ಚಪ್ಪಲಿಯನ್ನೇ ನೋಡುತ್ತಿದ್ದ. ಚಪ್ಪಲಿ ಹಾಕಿಕೊಂಡು ರಸ್ತೆಯಲ್ಲಿ ನಡೆಯುವುದು ಹೇಗಿರುತ್ತದೆಂದು ನೆನಪು ಮಾಡಿಕೊಳ್ಳುತ್ತಿದ್ದನೋ ಏನೋ. ಅವಳು ನೀರೂ ಕುಡಿಯದೆ ಎದ್ದು ಬಂದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಸಮಾಧಾನವಾಗಿ ಎಲ್ಲ ಕೇಳಿದರು. ಇಷ್ಟು ಕುಡಿಯುವವರನ್ನು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ ಕಣ್ಣೆದುರೇ ಬಿಡಿಸಬೇಕು ಎಂದರು. ನಡುಕ ನಿಲ್ಲಿಸಲು ಮಾತ್ರೆ ಇದೆ, ಆಮೇಲಿನ ಖಾಲಿತನಕ್ಕೆ ಮಾತ್ರೆ ಇಲ್ಲ, ಅಲ್ಲಿ ಜೊತೆಗೆ ನಡೆಯಲು ಹಿಂದೆ ಕುಡಿದು ಈಗ ಬಿಟ್ಟವರೇ ಬೇಕು ಎಂದೂ ಹೇಳಿದರು. ಕುಣಿಗಲ್ಲಿನಲ್ಲಿ ಅಂಥದೊಂದು ಕೇಂದ್ರವಿದೆ, ಡಾಕ್ಟರೂ ಇದ್ದಾರೆ, ಜೊತೆಗಾರರೂ ಇದ್ದಾರೆ. ಅಲ್ಲಿನ ಮಹಾಲಿಂಗಯ್ಯ ಮೇಷ್ಟ್ರು ಗುಬ್ಬಿಯವರು, ಈಗ ರಜೆಗೆ ಊರಿಗೆ ಬಂದಿದ್ದಾರೆ, ಮೊದಲು ಅವರನ್ನು ಕಾಣಿ ಎಂದು ನಂಬರ್ ಕೊಟ್ಟರು.

ಗುಬ್ಬಿ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಮೇಷ್ಟ್ರು ಕಾದಿದ್ದರು. ಕುಡಿದು ಕುಡಿದು ಶಾಲೆಯ ಕೆಲಸ ಕಳೆದುಕೊಂಡವರು. ಕುಡಿತ ಬಿಟ್ಟ ಮೇಲೆ ಕೇಂದ್ರಕ್ಕೆ ಬರುವ ಹೊಸಬರ ಪಕ್ಕ ಕೂರುವುದೇ ಅವರ ಕೆಲಸವಾಗಿತ್ತು. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಮಧ್ಯಾಹ್ನದ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಬೆಳ್ಳಿ ಸರದ ಕಥೆ ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ.

ತಾವೂ ಹಾಗೇ ಮಾಡುತ್ತಿದ್ದರಂತೆ. ಸಾರಾಯಿ ಅಂಗಡಿಯ ಹಿಂದಿನ ಹೊಂಗೆ ಮರದ ಕೊಂಬೆಗೆ ಲಿಂಗ ತೂಗುಹಾಕಿ ಒಳಗೆ ಹೋಗುವುದು. ಹೊರಗೆ ಬಂದು ನೋಡಿದರೆ ಮರದ ಎಲೆ ಎಲೆಗೂ ಒಂದೊಂದು ಕರಡಿಗೆ ನೇತಾಡುತ್ತಿರುವಂತೆ, ಗಾಳಿಗೆ ಎಲ್ಲವೂ ಮೆಲ್ಲಗೆ ಹೊಳೆಯುವಂತೆ ಕಾಣುತ್ತಿತ್ತಂತೆ. ಇದರಲ್ಲಿ ನನ್ನದು ಯಾವುದಪ್ಪಾ ಎಂದು ಅಳುತ್ತ ಮರದ ಬುಡದಲ್ಲೇ ಕೂತುಬಿಡುತ್ತಿದ್ದರಂತೆ.

"ಮೊದ್ಲು ಹೋಗಿ ಆ ಕೊಂಡಿ ಬಿಚ್ಚಿಸಿ ತಾಯಿ," ಎಂದರು.

"ಬಿಚ್ಚಿದ್ರೆ ಇನ್ನೂ ಕುಡೀತಾರಲ್ಲ ಮೇಷ್ಟ್ರೇ?"

"ಕುಡೀಬೋದು. ಬಿಡ್ಲೂಬೋದು. ಅದನ್ನ ಅವ್ನೇ ಹೇಳ್ಬೇಕು. ನಾನು ಅವ್ನ ಪಕ್ಕ ಕೂರ್ತೀನಿ, ಅವ್ನ ಬದ್ಲು ಕೂರಕ್ಕಾಗಲ್ಲ. ನಿಮ್ಗೂ ಆಗಲ್ಲ. ಸುಳ್ಳೇಳಿ ಮಾತ್ರ ಕರ್ಕೊಂಬರಬೇಡಿ."

ಸರ್ವಮಂಗಳ ಕಾರ್ಖಾನೆಯ ಎದುರಿನ ಟೀ ಅಂಗಡಿಯಲ್ಲಿ ಗಂಡನನ್ನು ಕೂರಿಸಿಕೊಂಡು ಒಂದೂ ಮುಚ್ಚಿಡದೆ ಹೇಳಿದಳು. ಗ್ರಿಲ್ಲಿನ ಜಾಗವನ್ನೂ ಹೇಳಿದಳು, ಹೊಂಗೆ ಮರವನ್ನೂ ಹೇಳಿದಳು. ಮರದ ಮಾತು ಬಂದಾಗ ಅವನು ಮೊದಲ ಸಲ ತಲೆಯೆತ್ತಿದ. ಅಲ್ಲಿಂದ ಸೀದಾ ಅಕ್ಕಸಾಲಿಯ ಹತ್ತಿರ ಹೋದರು. ಕೊಂಡಿ ಕತ್ತರಿಸಿದಾಗ ಚನ್ನೇಶ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಂಡ. ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಕುಣಿಗಲ್‌ವರೆಗೆ ಬರುತ್ತೇನೆ, ಒಳಗೆ ಹೋಗುತ್ತೇನೆಂದು ಮಾತ್ರ ಹೇಳಲಾರೆ ಎಂದ. ಅವಳು ಆಣೆ ಹಾಕಿಸಿಕೊಳ್ಳಲಿಲ್ಲ.

ಕುಣಿಗಲ್ಲಿನಲ್ಲಿ ಇಳಿದಾಗ ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಬೆಳಿಗ್ಗೆ ಅವನು ಕೈ ನಡುಗದಷ್ಟು ಕುಡಿದೇ ಬಸ್ಸು ಹತ್ತಿದ್ದ. ಡಾಕ್ಟರಮ್ಮನ ಮಾತು ನೆನೆದು ಅವಳು ತಡೆಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ರಜೆ ಮುಗಿಸಿ ಬಂದಿದ್ದ ಮೇಷ್ಟ್ರು ಕಾದಿದ್ದರು. ಮೂವರೂ ನಡೆದರು. ಕುದುರೆ ಫಾರಂ ಕಡೆಯಿಂದ ಕೆನೆತ ಕೇಳಿಸಿತು. ಮಂಜಿನಲ್ಲಿ ಕಾಲುಗಳಿಲ್ಲದ ಕುದುರೆಗಳು, ಬರೀ ಕತ್ತು ಬೆನ್ನು ಮಾತ್ರ, ಯಾರ ಹಂಗೂ ಇಲ್ಲದೆ ತೇಲಿಹೋದವು. ಕೆರೆ ಇದ್ದಲ್ಲಿ ಕೆರೆಯೇ ಇರಲಿಲ್ಲ, ಆಕಾಶ ಕೆಳಗಿಳಿದು ಮಲಗಿತ್ತು. ಚನ್ನೇಶ ಎರಡು ಮೂರು ಬಾರಿ ನಿಂತ. ಮೇಷ್ಟ್ರೂ ನಿಂತರು. ನಡೆಯಿರಿ ಎಂದು ಒಮ್ಮೆಯೂ ಅನ್ನಲಿಲ್ಲ.

ಕೇಂದ್ರದ ಗೇಟು ತೆರೆದೇ ಇತ್ತು. ಒಳಗೆ ಯಾರೋ ಅಂಗಳ ಗುಡಿಸುತ್ತಿದ್ದರು, ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಚನ್ನೇಶ ಒಳಗೆ ಹೋಗದೆ ಹೊರಗಿನ ಕಲ್ಲಿನ ಮೇಲೆ, ರಸ್ತೆಗೆ ಬೆನ್ನು ಹಾಕಿ ಕೂತುಬಿಟ್ಟ.

"ನೀನ್ ಹೋಗು ಮಂಗಳ," ಎಂದ. "ನೀನಿಲ್ಲಿ ನಿಂತಿದ್ರೆ ನಿನಗೋಸ್ಕರ ಒಳಗೆ ಹೋಗ್ತೀನಿ. ನಿನಗೋಸ್ಕರ ಎಷ್ಟ್ ಸಲ ಬಿಟ್ಟಿದೀನಿ, ನಿನಗೇ ಗೊತ್ತಲ್ಲ."

ಅವನ ರಟ್ಟೆ ಹಿಡಿದು ಒಳಗೆ ನೂಕಿಬಿಟ್ಟರೆ ಮುಗಿಯಿತು, ಗೇಟು ಅಷ್ಟು ಹತ್ತಿರವಿತ್ತು. ಮೇಷ್ಟ್ರ ಮುಖ ನೋಡಿದಳು. ಅವರು ಅವನ ಪಕ್ಕದಲ್ಲಿ, ಅದೇ ಕಲ್ಲಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಸರ್ವಮಂಗಳ ಸೆರಗು ಸರಿಮಾಡಿಕೊಂಡು ತಿರುಗಿ ನಡೆದಳು. ಹಿಂದಿರುಗಿ ನೋಡದೆ, ಬೆನ್ನ ಹಿಂದೆ ಹೆಜ್ಜೆಯ ಸದ್ದಿಗಾಗಿ ಕಿವಿ ಕೊಟ್ಟಳು. ಪೊರಕೆಯ ಸದ್ದು ಮಾತ್ರ ಕೇಳಿಸಿತು. ಮಂಜಿನಲ್ಲಿ ದಾರಿ ತನ್ನಷ್ಟಕ್ಕೆ ತಾನೇ ಕಾಲಡಿಗೆ ಬಂದು ಹಿಂದೆ ಸರಿಯುತ್ತಿತ್ತು, ಬಸ್ಸು ಎಲ್ಲಿ ಹತ್ತಿದಳೋ ಅವಳಿಗೇ ತಿಳಿಯಲಿಲ್ಲ.

ಮಧ್ಯಾಹ್ನ, ಸಾರಿಗೆ ಹುಣಸೆ ಕಿವುಚುತ್ತಿದ್ದಾಗ ಮೇಷ್ಟ್ರ ಫೋನ್ ಬಂತು. ಬಿಸಿಲೇರುವವರೆಗೆ ಅವನು ಕಲ್ಲಿನಿಂದ ಏಳಲೇ ಇಲ್ಲವಂತೆ, ಮೇಷ್ಟ್ರೂ ಏಳಲಿಲ್ಲವಂತೆ.

"ಆಮೇಲೆ ಒಂದೇ ಮಾತು ಕೇಳ್ದ ತಾಯಿ. 'ಹೋಗ್ತಾ ತಿರುಗಿ ನೋಡಿದ್ಲಾ?' ಅಂದ. ಇಲ್ಲ ಅಂದೆ. ಎದ್ದು ಒಳಕ್ಕೆ ಹೋದ."

ಸರ್ವಮಂಗಳ ಹುಣಸೆಯ ಕೈಯಲ್ಲೇ ಫೋನ್ ಕೆಳಗಿಟ್ಟಳು. ಪಕ್ಕದ ಮನೆಯವರಿಗೆ ಕೇಳಿಸೀತೆಂಬ ಅಂಜಿಕೆ ಬಿಟ್ಟು, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಮನಸಾರೆ ಅತ್ತಳು.