ಬೀಗ ಒಡೆದ ಗೇಮ್ ಮೆಷಿನ್

ಪುಂಡರೀಕಾಕ್ಷರು ಠಾಣೆ ನಗರದ ಮಾಜಿವಾಡಾದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದವರು. ನಿವೃತ್ತರಾಗಿ ಠಾಕುರ್ಲಿಯ ಮನೆಯಲ್ಲಿ ಹೆಂಡತಿ ಉಮಾವತಿಯೊಂದಿಗೆ ಆರಾಮಾಗಿದ್ದರು. ಕಳೆದ ವರ್ಷ ಪಾರ್ಶ್ವವಾಯು ತಗಲಿ ಬಲಗೈ ಬಲ ಕಳೆದುಕೊಂಡಿತು. ದಿನಾ ಹಿಸುಕಲು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ವಾರದಲ್ಲಿ ಚೆಂಡು ಸೋಫಾದ ಅಡಿಗೆ ಉರುಳಿತು, ಪುಂಡರೀಕಾಕ್ಷರು ಅದನ್ನು ಹುಡುಕುವ ಗೋಜಿಗೇ ಹೋಗಲಿಲ್ಲ.

ಆಗ ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ ಟಿವಿಗೆ ಜೋಡಿಸುವ ಗೇಮ್ ಮೆಷಿನ್ ಒಂದರ ಬಗ್ಗೆ ಹೇಳಿದಳು. ರಿಮೋಟು ಹಿಡಿದು ಕೈ ಬೀಸಿದರೆ ಪರದೆಯಲ್ಲಿ ಬೌಲಿಂಗ್ ಚೆಂಡು ಓಡುತ್ತದೆ. ಇಂಟರ್ನೆಟ್ ಇದ್ದರೆ ದೂರದಲ್ಲಿರುವವರ ಜೊತೆಗೂ ಆಡಬಹುದು. ಪುಂಡರೀಕಾಕ್ಷರು ತಾವೊಂದು ತಂದರು, ಹಳೆಯ ಗೆಳೆಯ ದೇವದಾಸರಿಗೂ ಒಂದು ಕೊಳ್ಳಲು ಹೇಳಿದರು. ದೇವದಾಸರು ಅದೇ ಹೋಟೆಲಿನ ಅಡುಗೆಮನೆ ನೋಡಿಕೊಂಡಿದ್ದವರು. ಈಗ ನೇರೂಲಿನಲ್ಲಿದ್ದಾರೆ. ಮಂಡಿನೋವಿನಿಂದ ಮನೆ ಬಿಟ್ಟು ಹೊರಡುವುದೇ ಅಪರೂಪ.

ದಿನಾ ಸಂಜೆ ಐದಕ್ಕೆ ಇಬ್ಬರೂ ಆಟಕ್ಕೆ ನಿಲ್ಲುತ್ತಿದ್ದರು. ಆಟಕ್ಕಿಂತ ಮಾತೇ ಹೆಚ್ಚು. ಆದರೂ ಆರು ತಿಂಗಳಲ್ಲಿ ಪುಂಡರೀಕಾಕ್ಷರ ಕೈ ಅಂಗಿಯ ಗುಂಡಿ ಹಾಕುವಷ್ಟು ಸುಧಾರಿಸಿತು.

ಅಷ್ಟರಲ್ಲಿ ಹೊಸ ಕ್ರಿಕೆಟ್ ಗೇಮ್ ಒಂದು ಬಂತು. ಅದರ ಬೆಲೆ ಕೇಳಿ ಪುಂಡರೀಕಾಕ್ಷರಿಗೆ ಮನಸ್ಸಾಗಲಿಲ್ಲ. ಸ್ಟೇಷನ್ನಿನ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಭುಜಂಗ ಸುಲಭದ ದಾರಿ ತೋರಿಸಿದ. ಮೆಷಿನ್ನಿನ ಸಾಫ್ಟ್‌ವೇರಿನಲ್ಲಿ ಒಂದು ಸಂದು ಸಿಕ್ಕಿದೆ, ಅದರೊಳಗೆ ಹೊಕ್ಕು ಲಾಕ್ ತೆಗೆದರೆ ಯಾವ ಗೇಮ್ ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಇದಕ್ಕೆ ಜೈಲ್‌ಬ್ರೇಕ್ ಎನ್ನುತ್ತಾರೆ, ಎಲ್ಲರೂ ಮಾಡಿಸುತ್ತಾರೆ ಎಂದ.

ಉಮಾವತಿಗೆ ಇದು ಸರಿ ಕಾಣಲಿಲ್ಲ. ಕೆಳಗಿನ ಮನೆಯ ಅಶ್ಮಿತಾಳನ್ನು ಒಂದು ಮಾತು ಕೇಳಿ ಎಂದರು. ಅಶ್ಮಿತಾ ಐರೋಲಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಸುರಕ್ಷತೆಯ ಕೆಲಸದಲ್ಲಿದ್ದಳು. ಭಾನುವಾರ ಮೇಲೆ ಬಂದವಳು ಎಲ್ಲ ಕೇಳಿಸಿಕೊಂಡಳು.

“ಆ ಸಂದಿಗೆ ನಾವು ಎಕ್ಸ್‌ಪ್ಲಾಯ್ಟ್ ಅಂತೇವೆ ಅಂಕಲ್. ಅದ್ರಿಂದ ಮೆಷಿನ್ನಿನ ವಾಚ್‌ಮನ್‌ನನ್ನೇ ಮಲಗಿಸೋದು. ಅವನು ಮಲಗಿದ ಮೇಲೆ ಕ್ರಿಕೆಟ್ ಗೇಮ್ ಮಾತ್ರ ಒಳಗೆ ಬರ್ತದೆ ಅಂತ ಗ್ಯಾರಂಟಿ ಇಲ್ಲ.”

“ಮೆಷಿನ್ ನನ್ನದು, ನಾನೇ ತಂದದ್ದು,” ಎಂದರು ಪುಂಡರೀಕಾಕ್ಷರು. “ನನ್ನ ಮನೆಯಲ್ಲಿ ನಾನು ಏನು ಮಾಡಿದರೆ ಕಂಪನಿಯವರಿಗೆ ಏನು?”

“ಮೆಷಿನ್ ನಿಮ್ಮದೇ. ಆದ್ರೆ ನೀವು ದೇವದಾಸ್ ಅಂಕಲ್ ಜೊತೆ ಆಡ್ತೀರಲ್ಲ, ಆ ಸರ್ವರ್ ಕಂಪನಿಯದ್ದು. ಗೊತ್ತಾದ್ರೆ ಅವರು ಬ್ಯಾನ್ ಮಾಡ್ತಾರೆ. ಮತ್ತೆ ಫ್ರೀ ಗೇಮ್ ಅಂದ್ರೆ ಚೋರಿಯ ಮಾಲು, ಕಾನೂನಿಗೂ ಸರಿಯಲ್ಲ.”

ಲಾಕ್ ತೆಗೆಯುವಾಗ ಏನಾದರೂ ಎಡವಟ್ಟಾದರೆ ಮೆಷಿನ್ ಪೂರ್ತಿ ಸತ್ತೇ ಹೋಗಬಹುದು, ವಾರಂಟಿಯೂ ಸಿಗುವುದಿಲ್ಲ ಎಂದೂ ಹೇಳಿದಳು. ಗೇಮ್ ಬೆಲೆ ಹೆಚ್ಚೆನಿಸಿದರೆ ಸೇಲ್ ಬರುವವರೆಗೆ ಕಾಯಿರಿ, ಇಲ್ಲವೇ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳಿರಿ ಎಂದಳು. ಪುಂಡರೀಕಾಕ್ಷರು ತಲೆಯಾಡಿಸಿದರು. ಆಫೀಸಿನ ಮಕ್ಕಳಿಗೆ ಎಲ್ಲದಕ್ಕೂ ಹೆದರಿಕೆ ಎಂದು ಒಳಗೇ ಅಂದುಕೊಂಡು ಮರುದಿನ ಮೆಷಿನ್ ಚೀಲಕ್ಕೆ ಹಾಕಿಕೊಂಡು ಭುಜಂಗನ ಅಂಗಡಿಗೆ ಹೋದರು.

ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಕ್ರಿಕೆಟ್ ಚೆನ್ನಾಗಿಯೇ ಓಡಿತು. ಇನ್ನಷ್ಟು ಗೇಮ್ ಬೇಕಾದರೆ ಇಲ್ಲಿಂದ ಇಳಿಸಿಕೊಳ್ಳಿ ಎಂದು ಭುಜಂಗ ಒಂದು ವೆಬ್‌ಸೈಟಿನ ಹೆಸರು ಬರೆದುಕೊಟ್ಟಿದ್ದ. ಪುಂಡರೀಕಾಕ್ಷರು ಮನೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದರು. ಆಂಟಿವೈರಸ್ ಬಂದ್ ಮಾಡಿ ಎಂದು ಅದರಲ್ಲಿತ್ತು, ಬಂದ್ ಮಾಡಿ ಒಂದು ಗೇಮಿನ ಫೈಲ್ ಇಳಿಸಿಕೊಂಡರು. ಮೆಷಿನ್ನಿಗೆ ಇಂಟರ್ನೆಟ್ ಜೋಡಿಸಬೇಡಿ ಎಂದೂ ಭುಜಂಗ ಹೇಳಿದ್ದ. ಆದರೆ ಸಂಜೆ ಐದಕ್ಕೆ ಅಲ್ಲಿ ದೇವದಾಸರು ಕಾಯುತ್ತಿರುತ್ತಾರೆ. ಪುಂಡರೀಕಾಕ್ಷರು ಜೋಡಿಸಿಯೇ ಬಿಟ್ಟರು.

ನಾಲ್ಕನೇ ದಿನ ಪರದೆಯ ಮೇಲೆ ಒಂದು ಸೂಚನೆ ಬಂತು. ನಿಯಮ ಮುರಿದ ಕಾರಣ ಈ ಮೆಷಿನ್ ಇನ್ನು ಮುಂದೆ ಆನ್‌ಲೈನ್ ಆಟಕ್ಕೆ ಸಿಗದು. ಪುಂಡರೀಕಾಕ್ಷರು ಆಫ್ ಮಾಡಿ ಆನ್ ಮಾಡಿದರು. ಮತ್ತೆ ಅದೇ. ದೇವದಾಸರಿಗೆ ಫೋನ್ ಮಾಡಿ, ನೆಟ್ ಸರಿಯಿಲ್ಲ ಎಂದು ಸುಳ್ಳು ಹೇಳಿದರು. ಮೂವತ್ತು ವರ್ಷದ ಗೆಳೆತನದಲ್ಲಿ ಅವರಿಗೆ ಸುಳ್ಳು ಹೇಳಿದ ನೆನಪೇ ಇರಲಿಲ್ಲ. ನಾಚಿಕೆಯಾಯಿತು.

ಎರಡು ದಿನ ಕಳೆಯಿತು. ಬೆಳಿಗ್ಗೆಯಿಂದಲೇ ಫೋನ್ ಸೈಲೆಂಟ್ ಮಾಡಿಟ್ಟು, ಮಧ್ಯಾಹ್ನ ಊಟ ಮಾಡಿ ಮಲಗಿದ್ದವರು ಬೆಲ್ ಸದ್ದಿಗೆ ಎದ್ದು ಬಾಗಿಲು ತೆರೆದರು. ದೇವದಾಸರು ನಿಂತಿದ್ದರು. ಅಂಗಿ ಬೆವರಿಗೆ ಒದ್ದೆ, ಒಂದು ಕೈ ಗೋಡೆಯ ಮೇಲೆ.

“ನೀನು ಇದ್ದೀಯಲ್ಲ ಮಾರಾಯ,” ಎಂದವರೇ ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಕುಳಿತುಬಿಟ್ಟರು.

ಬೆಳಿಗ್ಗೆ ಅವರಿಗೆ ಪುಂಡರೀಕಾಕ್ಷರ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು. ಮತ್ತೆ ಸ್ಟ್ರೋಕ್ ಆಗಿದೆ, ಕಲ್ಯಾಣದ ಆಸ್ಪತ್ರೆಯಲ್ಲಿದ್ದೇನೆ, ಈ ಲಿಂಕ್ ಒತ್ತಿ ಸಹಾಯ ಮಾಡಿ ಎಂದು. ಲಿಂಕ್ ಒತ್ತುವುದೆಲ್ಲ ದೇವದಾಸರಿಗೆ ತಿಳಿಯದು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಯಾವ ಆಸ್ಪತ್ರೆ ಎಂದು ಮೇಲಿನಲ್ಲಿ ಇರಲಿಲ್ಲ, ಮನೆಗೇ ಹೋಗಿ ಕೇಳೋಣ ಎಂದು ಹೊರಟರು. ನೇರೂಲಿನಿಂದ ಠಾಣೆ ಸ್ಟೇಷನ್ನಿಗೆ, ಅಲ್ಲಿಂದ ಇನ್ನೊಂದು ಲೋಕಲ್ ರೈಲು ಹಿಡಿದು, ಆ ಮಂಡಿಯಲ್ಲೇ ಸ್ಟೇಷನ್ ಸೇತುವೆಗಳನ್ನು ಹತ್ತಿ ಇಳಿದು ಬಂದಿದ್ದರು.

ಪುಂಡರೀಕಾಕ್ಷರು ಒಳಗಿಂದ ನೀರು ತಂದುಕೊಟ್ಟರು. ಗೆಳೆಯನ ಪಕ್ಕ ನೆಲದ ಮೇಲೆ ಕುಳಿತು ನಡೆದದ್ದನ್ನೆಲ್ಲ ಹೇಳಿದರು. ನೆಟ್ಟಿನ ಸುಳ್ಳನ್ನೂ ಬಿಡಲಿಲ್ಲ.

ಉಮಾವತಿ ಅಶ್ಮಿತಾಳನ್ನು ಕರೆದರು. ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವಳು ಮೇಲೆ ಬಂದು, ಮೊದಲು ಲ್ಯಾಪ್‌ಟಾಪಿನ ಇಂಟರ್ನೆಟ್ ಕಡಿದಳು. ಆ ವೆಬ್‌ಸೈಟಿನ ಫೈಲಿನೊಳಗೆ ಅಡಗಿದ್ದ ಪ್ರೋಗ್ರಾಂ, ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡುಗಳನ್ನು ಕದ್ದಿತ್ತು. ಕಳ್ಳರು ಅದರಿಂದ ಪುಂಡರೀಕಾಕ್ಷರ ಮೇಲಿನೊಳಗೆ ಹೊಕ್ಕು, ಹಳೆಯ ಪತ್ರಗಳನ್ನು ಓದಿ ಆ ಸುಳ್ಳು ಕಳಿಸಿದ್ದರು. ತನ್ನ ಫೋನಿನಿಂದ ಒಂದೊಂದೇ ಪಾಸ್‌ವರ್ಡ್ ಬದಲಾಯಿಸಿದಳು. ಬ್ಯಾಂಕಿಗೆ ತಿಳಿಸಿದರು. ಪರಿಚಯದವರಿಗೆಲ್ಲ ಫೋನ್ ಮಾಡಿ, ಆ ಮೇಲ್ ಸುಳ್ಳು ಎಂದರು. ಉಮಾವತಿಯ ಭಜನಾ ಮಂಡಳಿಯ ಅಕ್ಕು ಎಂಬವರು ಲಿಂಕ್ ಒತ್ತಿ ಕಾರ್ಡಿನ ನಂಬರ್ ತುಂಬಿಸಿಬಿಟ್ಟಿದ್ದರು. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಫೋನ್ ಮಾಡಿಸಿ ಕಾರ್ಡ್ ನಿಲ್ಲಿಸಿದ್ದರಿಂದ ಅವರ ದುಡ್ಡು ಉಳಿಯಿತು.

“ನಾನು ಅಂದೇ ಹೇಳಿದ್ದೆ” ಎಂದು ಅಶ್ಮಿತಾ ಅನ್ನಲಿಲ್ಲ. ಅದೇ ಪುಂಡರೀಕಾಕ್ಷರಿಗೆ ಹೆಚ್ಚು ತಾಗಿತು. “ನೀನು ಹೇಳಿದ್ದನ್ನು ನಾನು ಕೇಳಬೇಕಿತ್ತು ಮಗಾ,” ಎಂದು ಅವರೇ ಅಂದರು.

ಗೇಮ್ ಕಂಪನಿಗೆ ಬರೆದರು. ನಿಷೇಧ ತೆಗೆಯಲಾಗದು ಎಂದು ಉತ್ತರ ಬಂತು. ಭುಜಂಗನನ್ನು ಕೇಳಿದರೆ, ನೆಟ್ ಜೋಡಿಸಬೇಡಿ ಎಂದಿದ್ದೆನಲ್ಲ ಎಂದು ಕೈ ತೊಳೆದುಕೊಂಡ. ಈಗ ಪುಂಡರೀಕಾಕ್ಷರು ಬೌಲಿಂಗನ್ನು ಒಬ್ಬರೇ ಆಡುತ್ತಾರೆ, ಡಾಕ್ಟರು ಹೇಳಿದಷ್ಟು ಹೊತ್ತು. ತಿಂಗಳಿಗೊಮ್ಮೆ ಉಮಾವತಿಯನ್ನು ಕರೆದುಕೊಂಡು ನೇರೂಲಿಗೆ ಹೋಗಿ ದೇವದಾಸರ ಮೆಷಿನ್ನಿನಲ್ಲಿ ಜೊತೆಯಾಗಿ ಆಡುತ್ತಾರೆ. ಕನ್ನಡ ಸಂಘದ ಹಿರಿಯರ ಕೂಟದಲ್ಲಿ ಈ ಸಂಗತಿಯನ್ನು ತಾವೇ ಎದ್ದುನಿಂತು ಹೇಳಿದ್ದಾರೆ, ತಮ್ಮ ತಪ್ಪನ್ನು ಮುಚ್ಚಿಡದೆ.

ನಿಮ್ಮ ಮನೆಯಲ್ಲೂ ಗೇಮ್ ಮೆಷಿನ್ ಇರಬಹುದು. ಲಾಕ್ ತೆಗೆದುಕೊಡುತ್ತೇನೆ ಎನ್ನುವವರು ನಿಮ್ಮ ಸ್ಟೇಷನ್ನಿನ ಬಳಿಯೂ ಇರಬಹುದು. ಹೂಂ ಎನ್ನುವ ಮುಂಚೆ ತಿಳಿದವರನ್ನು ಕೇಳಿ, ಕೇಳಿದ ಮೇಲೆ ಅವರ ಮಾತಿಗೆ ಬೆಲೆ ಕೊಡಿ. ಕಂಪನಿ ಕಳಿಸುವ ಅಪ್‌ಡೇಟ್ ಹಾಕಿಕೊಳ್ಳಿ. ಆಂಟಿವೈರಸ್ ಬಂದ್ ಮಾಡು ಎನ್ನುವ ಯಾವ ಸೈಟನ್ನೂ ನಂಬಬೇಡಿ. ಈಗಾಗಲೇ ತಪ್ಪಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ಇಂದೇ ಪಾಸ್‌ವರ್ಡ್ ಬದಲಿಸಿ, ಗೆಳೆಯರಿಗೆ ಹೇಳಿ. ನಿಮ್ಮ ಹೆಸರಿನಲ್ಲಿ ಒಂದು ಸುಳ್ಳು ಹೋದರೆ, ಅದನ್ನು ನಂಬಿ ಮೊದಲು ಓಡಿ ಬರುವವರು ನಿಮ್ಮನ್ನು ಪ್ರೀತಿಸುವವರೇ.