ಕೂಸಿನ ರೊಟ್ಟಿ

ಸಮುವೇಲಪ್ಪ ಬೋಗುಣಿಯ ಮೇಲಿನ ತಟ್ಟೆ ಸರಿಸಿ ಒದ್ದೆ ಬಟ್ಟೆಯ ಮೂಲೆ ಎತ್ತಿ ನೋಡಿದ. ಹಿಟ್ಟು ಉಬ್ಬಿತ್ತು. ಬೋಗುಣಿಯ ಅಂಚು ಮೀರಿ ಬಟ್ಟೆಗೆ ಅಂಟಿಕೊಂಡಿತ್ತು. ಬೆರಳಿಂದ ಒತ್ತಿದರೆ ಒಳಗೆ ಹೋಗಿ, ಮತ್ತೆ ಮೆಲ್ಲಗೆ ಮೇಲೆ ಬಂತು. ಅದರೊಳಗಿನ ಒಣದ್ರಾಕ್ಷಿ, ಉತ್ತತ್ತಿಯ ಚೂರುಗಳು ಅಲ್ಲಲ್ಲಿ ಹಣಿಕಿ ಹಾಕುತ್ತಿದ್ದವು.

ಪರದೆಯ ಆಚೆ ಹೆಂಗಸರು ಅವನ ಹೆಂಡತಿ ಮಾರ್ತವ್ವನ ಮೈ ತೊಳೆದು ಬಿಳಿ ಸೀರೆ ಉಡಿಸುತ್ತಿದ್ದರು. ಮಲಾಡಿನ ಚಾಳಿನಲ್ಲಿ ಎರಡು ಖೋಲಿಯ ಮನೆ. ಅಡುಗೆಯ ಮೂಲೆಗೂ ಅವಳು ಮಲಗಿದ್ದ ಮಂಚಕ್ಕೂ ನಡುವೆ ಒಂದು ಹಳೆಯ ಸೀರೆ ಮಾತ್ರ ಅಡ್ಡ. ಬಾಂಗ್ಲಾ ಯುದ್ಧ ಮುಗಿದು ವಾರ ಕಳೆದರೂ ವಿಮಾನದಾಳಿಗೆ ಹೆದರಿ ಕಿಟಕಿಗೆ ಅಂಟಿಸಿದ ಕರಿ ಕಾಗದ ಹಾಗೇ ಇತ್ತು. ಕ್ರಿಸ್‌ಮಸ್ಸಿಗೆ ಮುಂಚೆ ಕಿತ್ತುಹಾಕಬೇಕು ಎಂದು ಮಾರ್ತವ್ವ ದಿನಾ ಹೇಳುತ್ತಿದ್ದಳು, ಇವನು ದಿನಾ ಹೂಂಗುಟ್ಟುತ್ತಿದ್ದ.

ನಸುಕಿನಲ್ಲಿ ಅವಳೇ ಅವನನ್ನು ಅಲುಗಿಸಿ ಎಬ್ಬಿಸಿದ್ದಳು. "ಹಿಟ್ಟು ಉಬ್ಬೇತೇನು ನೋಡ್ರಿ."

ಗೊಣಗುತ್ತ ಎದ್ದು ಹೋಗಿ ನೋಡಿದ್ದ. "ಇನ್ನೂ ಇಲ್ಲ. ಥಂಡಿ ಐತಿ, ಹೊತ್ತು ಹಿಡೀತೈತಿ. ಸುಮ್ಮನ ಮಲಕ್ಕೋ."

ಅವಳು ಮಲಗಿದಳು. ಹಾಲಿನವನು ಬಂದು ಕೂಗಿದಾಗ ಏಳಲಿಲ್ಲ. ಡಾಕ್ಟರು ಬಂದು ನಾಡಿ ಹಿಡಿದು, ಎದೆ ನಿಂತಿದೆ ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಕೊನೆಗೆ ಕೇಳಿದ್ದು ಇಷ್ಟೇ. ಸರಿಯಾದ ಉತ್ತರ ಈಗ ಅವನ ಕಣ್ಣ ಮುಂದಿತ್ತು, ಕೇಳಿಸಿಕೊಳ್ಳುವವಳು ಇರಲಿಲ್ಲ.

"ಅಲ್ಲೇನ್ ಮಾಡಾಕತ್ತೀಯೋ ಸಮುವೇಲಾ?"

ಅಕ್ಕ ರಾಹೇಲವ್ವ ಪರದೆ ಸರಿಸಿ ಬಂದಳು. ಸುದ್ದಿ ಮುಟ್ಟಿದ್ದೇ ಭಾಂಡುಪ್‌ನಿಂದ ದಾದರಿನಲ್ಲಿ ಗಾಡಿ ಬದಲಿಸಿ ಓಡಿ ಬಂದಿದ್ದಳು. ಸಾವಿನ ಮನೆಯ ರೀತಿರಿವಾಜು ಅವಳಿಗೆ ಬಾಯಿಪಾಠ. ಬದುಕಿದ್ದವರ ಮನೆಯದೂ ಬಾಯಿಪಾಠವೇ ಎಂದು ಮಾರ್ತವ್ವ ಅವಳ ಬೆನ್ನ ಹಿಂದೆ ನಗುತ್ತಿದ್ದುದುಂಟು.

"ಹಿಟ್ಟು ಬಂದೈತಿ ಅಕ್ಕಾ. ರೊಟ್ಟಿ ಮಾಡಿ ಬೇಕರಿಗೆ ಒಯ್ಯಬೇಕು."

"ಬುದ್ಧಿ ಗಿದ್ಧಿ ಐತೋ ಇಲ್ಲೋ ನಿನಗ? ಹೆಣ ಇನ್ನೂ ಮನ್ಯಾಗೈತಿ. ಈಗ ಹಬ್ಬದ ರೊಟ್ಟಿ?"

"ಆಕೀನ ನಾದಿಟ್ಟಾಳ."

"ನಾದಿಟ್ಟಾಕೀನ ಹೋದ್ಲು, ಇನ್ನ ಯಾರ ಬಾಯಿಗೆ ರೊಟ್ಟಿ? ಸಾವಿನ ಮನ್ಯಾಗ ಒಲಿ ಹಚ್ಚಬಾರದು, ಒರಳಿನ ಸಪ್ಪಳ ಕೇಳಬಾರದು. ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಾಕ ಆಗತೈತೇನು?"

"ಹಂಗಾರ ಚೆಲ್ಲಂತೀಯಾ?"

"ತಬೇಲಾದಾಗಿನ ಎಮ್ಮಿಗೆ ಹಾಕು. ಪುಣ್ಯಾನರ ಬರತೈತಿ."

ಮಗಳು ಪ್ರಫುಲ್ಲಾ ನಡುವೆ ಬಂದಳು. ಫೋರ್ಟಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಹುಡುಗಿ, ಅತ್ತು ಅತ್ತು ಅವಳ ಮುಖವೆಲ್ಲ ಊದಿಕೊಂಡಿತ್ತು. "ಆತ್ಯಾ, ಪ್ಲೀಸ್, ಜಗಳಾ ನಕೋ. ಹೊರಗ ಜನ ಇದಾರ. ಪಪ್ಪಾ, ಛೋಡ್ ದೋ ನಾ ವೋ. ಈಗ ಮಮ್ಮೀ ಬಾಕ್ಸ್ ಬರ್ತದ, ನೀವು ಹೊರಗ ಕೂಡ್ರಿ."

ಸಮುವೇಲಪ್ಪ ಹೊರಗೆ ಹೋಗಲಿಲ್ಲ. ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆಯೇ ಕುಳಿತ. ಈ ಹಿಟ್ಟನ್ನು ಚೆಲ್ಲುವುದೆಂದರೆ ಮಾರ್ತವ್ವನ ಕೊನೆಯ ಮಾತನ್ನೇ ಒಯ್ದು ಎಮ್ಮೆಯ ಮುಂದೆ ಸುರಿದಂತೆ. ಅದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

*

ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ಮಾರ್ತವ್ವ ಈ ರೊಟ್ಟಿ ಕಲಿತಾಗ ಅವಳಿಗಿನ್ನೂ ಲಗ್ನವಾಗಿರಲಿಲ್ಲ. ದೂರದ ಚಳಿ ದೇಶದಿಂದ ಬಂದ ಮಿಸ್ಸಮ್ಮನ ಅಡುಗೆಮನೆಯಲ್ಲಿ ಕೈಕೆಲಸಕ್ಕಿದ್ದಳು. ಡಿಸೆಂಬರ್ ಬಂತೆಂದರೆ ಮಿಸ್ಸಮ್ಮ ಮೈದಾಹಿಟ್ಟಿಗೆ ಬೆಣ್ಣೆ, ಹಾಲು, ಈಸ್ಟ್, ಒಣಹಣ್ಣು ಸೇರಿಸಿ ನಾದಿ ರಾತ್ರಿಯೆಲ್ಲ ಉಬ್ಬಲು ಬಿಡುತ್ತಿದ್ದಳು. ಬಾದಾಮಿಯನ್ನು ಸಕ್ಕರೆಯ ಜೊತೆ ನುಣ್ಣಗೆ ಅರೆದು ಬತ್ತಿಯಂತೆ ಹೊಸೆದು ಹಿಟ್ಟಿನ ನಡುವೆ ಇಟ್ಟು, ಒಂದು ಮಗ್ಗುಲು ಮಡಚುತ್ತಿದ್ದಳು. ಸುಟ್ಟ ಮೇಲೆ ಬೆಣ್ಣೆ ಸವರಿ ಸಕ್ಕರೆಪುಡಿ ಉದುರಿಸಿದರೆ, ಬಿಳಿ ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕ್ರಿಸ್‌ಮಸ್ಸಿನ ಕೂಸಿನ ಹಾಗೆಯೇ ಕಾಣಬೇಕು. ಅದರ ಪರದೇಶಿ ಹೆಸರು ಕಂಪೌಂಡಿನಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ಎಲ್ಲರೂ ಕೂಸಿನ ರೊಟ್ಟಿ ಎಂದರು. ಒಳಗಿನ ಬತ್ತಿಗೆ ಮಿಸ್ಸಮ್ಮ ಮಾರ್ಜಿಪಾನ್ ಎನ್ನುತ್ತಿದ್ದಳು, ಮಾರ್ತವ್ವ ಜೀವ ಎಂದಳು.

ಒಂದು ವರ್ಷ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಾದಾಮಿ ಸಿಗಲಿಲ್ಲ. ಮಿಸ್ಸಮ್ಮ ಮುಖ ಸಣ್ಣದು ಮಾಡಿಕೊಂಡು ಕುಳಿತಳು. "ಬಾದಾಮಿ ಇಲ್ಲಂದ್ರ ಏನಾತ್ರಿ, ಶೇಂಗಾ ಐತಲ್ರಿ," ಎಂದು ಮಾರ್ತವ್ವ ಶೇಂಗಾ ಹುರಿದು, ಸಿಪ್ಪೆ ತೂರಿ, ಕುಟ್ಟಿ, ಸಕ್ಕರೆ ಏಲಕ್ಕಿ ಹಾಕಿ ಹೋಳಿಗೆಯ ಹೂರಣದಂತೆ ಮಾಡಿ ಒಳಗಿಟ್ಟಳು. ಮಿಸ್ಸಮ್ಮ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. "ಇದು ಮಾರ್ಜಿಪಾನ್ ಅಲ್ಲ, ಮಾರ್ತಾ," ಎಂದಳು. ಆಮೇಲೆ, "ಇನ್ನೊಂದು ತುಂಡು ಕೊಡು," ಎಂದಳು.

ಮುಂಬಯಿಗೆ ಬಂದ ಮೇಲೂ ಮಾರ್ತವ್ವ ಶೇಂಗಾ ಬಿಡಲಿಲ್ಲ. ಎದುರು ಖೋಲಿಯ ದೂಜ ಬಾಯಿ ಮಂಗಳೂರಿನ ಕಡೆಯ ಕೆಥೊಲಿಕ್ ಹೆಂಗಸು, ಗೋಡಂಬಿಯ ಮಾರ್ಜಿಪಾನ್ ಮಾಡುವುದರಲ್ಲಿ ಎತ್ತಿದ ಕೈ. ವರ್ಷವರ್ಷವೂ ಅವಳದು ಒಂದೇ ಮಾತು: "ಎಂತ ಮಾರ್ತಾ ಬಾಯಿ, ನೆಲಕಡಲೆದ್ದು ಸಹ ಮಾರ್ಜಿಪಾನಾ?" ಮಾರ್ತವ್ವನದೂ ಒಂದೇ ಉತ್ತರ: "ನಿಮ್ಮ ಗೋಡಂಬಿ ಹಲ್ಲಿಲ್ಲದವರಿಗೆ ಛಲೋ ಬಿಡ್ರಿ." ಜಗಳವಾಡಿ ಇಬ್ಬರೂ ತಟ್ಟೆ ಬದಲಿಸಿಕೊಳ್ಳುತ್ತಿದ್ದರು. ಪ್ರಫುಲ್ಲಾ ಮಾತ್ರ ಒಂದು ವರ್ಷ ಆಫೀಸಿಗೆ ನಾಲ್ಕು ತುಂಡು ಒಯ್ದವಳು, ಅಲ್ಲಿ ಯಾರೋ ಚಿಕ್ಕಿ ಪಾವ್ ಎಂದು ನಕ್ಕರೆಂದು ಮತ್ತೆ ಒಯ್ಯಲಿಲ್ಲ. "ಬಾದಾಮಿ ನಾ ತರ್ತೀನಿ ಮಮ್ಮಿ," ಎಂದರೆ, "ನಿನ್ನ ಮದುವ್ಯಾಗ ಹಾಕೂಣು," ಎಂದು ಮಾರ್ತವ್ವ ನಗುತ್ತಿದ್ದಳು.

*

ಬಂದವರಿಗೆಂದು ಚಹದ ಕಿಟಲಿ ಹಿಡಿದು ಬಂದ ದೂಜ ಬಾಯಿ, ನೆಲದ ಮೇಲೆ ಬೋಗುಣಿ ತಬ್ಬಿ ಕುಳಿತ ಸಮುವೇಲಪ್ಪನನ್ನು ನೋಡಿ ನಿಂತಳು. ಯಾರೂ ವಿವರಿಸಬೇಕಾಗಲಿಲ್ಲ. ಆ ಬೋಗುಣಿಯನ್ನು ಅವಳು ಎಷ್ಟು ಡಿಸೆಂಬರ್ ನೋಡಿದ್ದಳೋ.

"ಚೆಲ್ಲು ಅಂದ್ರ ಕೇಳವಲ್ಲ ನೋಡ್ರಿ," ಎಂದಳು ರಾಹೇಲವ್ವ.

"ನಮ್ಮಲ್ಲಿ ಸಹ ಹಾಗೆಯೇ," ಎಂದಳು ದೂಜ ಬಾಯಿ ಕಿಟಲಿ ಕೆಳಗಿಟ್ಟು. "ಸಾವಾದ ಮನೆಯಲ್ಲಿ ಆ ವರ್ಷ ಹಬ್ಬದ ತಿಂಡಿ ಮಾಡ್ಲಿಕ್ಕಿಲ್ಲ. ಆದ್ರೆ ನೆರೆಮನೆಯವರು ಮಾಡಿ ಕೊಟ್ಟದ್ದನ್ನು ಬೇಡ ಅಂತ ಹೇಳ್ಲಿಕ್ಕಿಲ್ಲ. ನನ್ನ ಮನೆಯಲ್ಲಿ ಯಾರೂ ಸತ್ತಿಲ್ಲ. ಕೊಡಿ ಇಲ್ಲಿ."

ರಾಹೇಲವ್ವ ಪರದೆಯ ಆಚೆ ಹೋಗಿ ಶವದ ಬಳಿ ಕುಳಿತಳು.

ದೂಜ ಬಾಯಿಯ ಮನೆಯಲ್ಲಿ ಸುಲಿದ ಗೋಡಂಬಿ ನೀರಿನಲ್ಲಿ ನೆನೆಯುತ್ತಿತ್ತು. ಬೋಗುಣಿ ಹೊತ್ತು ಬಂದ ಸಮುವೇಲಪ್ಪ ಅದನ್ನು ಕಂಡು, "ಇದನ್ನ ಹಾಕ್ರಿ ಬಾಯಿ. ಮತ್ತ ಶೇಂಗಾ ಕುಟ್ಟೂ ತ್ರಾಸು ಯಾಕ," ಎಂದ.

"ಬೇಡ ಮಾರಾಯ್ರೆ. ನಾಳೆ ನಾನು ಮೇಲೆ ಹೋದ್ರೆ ಬಾಗಿಲಲ್ಲೇ ನಿಲ್ಲಿಸಿ ಜಗಳ ಮಾಡ್ತಾಳೆ ಅವಳು. ನೆಲಕಡಲೆ ಎಲ್ಲುಂಟು?"

ಶೇಂಗಾದ ಡಬ್ಬಿ ತಂದುಕೊಟ್ಟವಳು ಪ್ರಫುಲ್ಲಾ. ನಿನ್ನೆ ಸಂಜೆಯೇ ಮಾರ್ತವ್ವ ಹುರಿದು ಸಿಪ್ಪೆ ತೆಗೆದಿಟ್ಟಿದ್ದಳು. ಪ್ರಫುಲ್ಲಾ ಡಬ್ಬಿ ಕೊಟ್ಟು ತಾಯಿಯ ಬಳಿಗೆ ಓಡಿದಳು.

ಸಪ್ಪಳ ಎದುರುಮನೆಗೆ ಕೇಳದಿರಲೆಂದು ದೂಜ ಬಾಯಿ ಒರಳಿನ ಕೆಳಗೆ ತನ್ನದೊಂದು ಸೀರೆ ಮಡಚಿ ಹಾಕಿದಳು. ಮೆತ್ತಗೆ ಕುಟ್ಟತೊಡಗಿದಳು. ಕುಟ್ಟುತ್ತ ಕುಟ್ಟುತ್ತ ಅವಳ ಕಣ್ಣಿಂದ ನೀರಿಳಿಯಿತು. ಮೂಗನ್ನು ತೋಳಿಗೆ ಒರೆಸಿಕೊಂಡು ಕೇಳಿದಳು, "ಇನ್ನು ಮುಂದೆ ಎಂತ? ನಾನು ನೋಡ್ಲೇ ಇಲ್ಲ. ಮಡಚುವಾಗ ಬಾಗಿಲು ಹಾಕಿಕೊಳ್ತಿದ್ದಳಲ್ಲ ಅವಳು. ನನಗೆ ಕಲಿಸಬಾರದು ಅಂತ ಹೊಟ್ಟೆಕಿಚ್ಚು ಅಂತ ತಿಳ್ಕೊಂಡಿದ್ದೆ."

"ಹೊಟ್ಟಿಕಿಚ್ಚಲ್ರೀ ಅದು," ಎಂದ ಸಮುವೇಲಪ್ಪ.

ಹಿಟ್ಟನ್ನು ಹಲಗೆಯ ಮೇಲೆ ಹರಡಿದ. ಜೀವವನ್ನು ಬತ್ತಿಯಂತೆ ಹೊಸೆದು ನಡುವೆ ಇಟ್ಟ. ಬಾಗಿಲ ಸಂದಿಯಿಂದ ಎಷ್ಟೋ ವರ್ಷ ಕಂಡಿದ್ದನ್ನು ನೆನಪು ಮಾಡಿಕೊಂಡು ಒಂದು ಮಗ್ಗುಲನ್ನು ಇನ್ನೊಂದರ ಮೇಲೆ, ಪೂರ್ತಿ ಅಲ್ಲ, ಹೊದಿಕೆ ಹೊದಿಸಿದಂತೆ ಮಡಚಿದ. ಕಾರಖಾನೆಯ ಕಬ್ಬಿಣ ಹಿಡಿದು ದಡ್ಡುಗಟ್ಟಿದ ಕೈಗೆ ಈ ಕೆಲಸ ಹೊಸದು. ರೊಟ್ಟಿ ಸ್ವಲ್ಪ ಒಂದು ಕಡೆ ವಾಲಿತು.

"ಇದನ್ನು ಬೇಕರಿಗೆ ಮುಟ್ಟಿಸುವುದು ನನ್ನ ಕೆಲಸ," ಎಂದಳು ದೂಜ ಬಾಯಿ. "ನೀವು ಹೋಗಿ ಅವಳ ಹತ್ರ ಕೂತ್ಕೊಳ್ಳಿ."

*

ಲಗ್ನವಾದ ಹೊಸದರಲ್ಲಿ ಗಂಡ ಹೆಂಡತಿ ಭಾಂಡುಪ್‌ನಲ್ಲಿದ್ದರು. ಸಮುವೇಲಪ್ಪನಿಗೆ ಅಲ್ಲಿಯ ಕಾರಖಾನೆಯಲ್ಲಿ ಫಿಟ್ಟರ್ ಕೆಲಸ. ಮೊದಲನೆಯ ಕೂಸು ಗಂಡು. ದೀಕ್ಷಾಸ್ನಾನಕ್ಕೆ ಹೊಸ ಅಂಗಿ ಹೊಲಿಸಿದ್ದರು. ಮಳೆಗಾಲದ ಜ್ವರ ಬಂತು, ಅಂಗಿ ತೊಡಿಸುವ ಮುಂಚೆಯೇ ಕೂಸು ಹೋಯಿತು.

ಅಷ್ಟು ಸಣ್ಣ ಜೀವಕ್ಕೆ ಪೆಟ್ಟಿಗೆ ಯಾಕೆ ಎಂದರು ಹಿರಿಯರು. ಸಮುವೇಲಪ್ಪ ತನ್ನ ಬಿಳಿ ಧೋತರದಲ್ಲಿ ಸುತ್ತಿ ಎರಡೂ ಕೈಯಲ್ಲಿ ಎತ್ತಿಕೊಂಡ. ಹೆಂಗಸರು ಸಮಾಧಿಗೆ ಬರುವಂತಿರಲಿಲ್ಲ. ಮಾರ್ತವ್ವ ಚಾಳಿನ ಮೆಟ್ಟಿಲಿನವರೆಗೆ ಬಂದು, ಕೂಸಿನ ತಲೆಯ ಕೆಳಗೆ ಅವನ ಕೈಯನ್ನು ಸರಿಯಾಗಿ ಇಟ್ಟು, ಅಲ್ಲೇ ನಿಂತಳು. ಆ ದಾರಿಯಲ್ಲಿ ಸಮುವೇಲಪ್ಪ ಯಾರ ಮುಖವನ್ನೂ ನೋಡಲಿಲ್ಲ. ಜನ ಬದಿಗೆ ಸರಿಯುತ್ತಿದ್ದರು, ಗಂಡಸರು ಟೋಪಿ ತೆಗೆಯುತ್ತಿದ್ದರು. ಧೋತರದೊಳಗಿಂದ ಆ ತಣ್ಣಗಿನ ಭಾರ ಅವನ ಅಂಗಿ ದಾಟಿ ಎದೆಗೆ ಇಳಿಯುತ್ತಿತ್ತು.

ಆ ಡಿಸೆಂಬರಿನಲ್ಲಿ ಮಾರ್ತವ್ವ ರೊಟ್ಟಿ ಮಾಡಲಿಲ್ಲ. ಮರುವರ್ಷ ಮಾಡಿದಳು. ಮಡಚುವ ಹೊತ್ತಿಗೆ ಬಾಗಿಲು ಹಾಕಿಕೊಂಡಳು. ಮನೆಯಲ್ಲಿ ಭಟ್ಟಿ ಇಲ್ಲದವರೆಲ್ಲ ಮಾಡುವಂತೆ ಬೇಕರಿಯಲ್ಲಿ ಸುಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿಸಿದರು. ಭಾರವಿದೆ ಎಂದು ಸಮುವೇಲಪ್ಪ ಕೈ ಚಾಚಿದ. ಅವಳು ಹಿಂದೆ ಸರಿದಳು.

"ಬ್ಯಾಡ್ರಿ. ಹೋಗೂ ಕೂಸು ನೀವು ಹೊತ್ರಿ. ಬರೂ ಕೂಸು ನಾ ಹೊರತೀನಿ."

ಆ ಮಾತು ಮತ್ತೆಂದೂ ಅವರ ನಡುವೆ ಬರಲಿಲ್ಲ. ಪ್ರಫುಲ್ಲಾ ಹುಟ್ಟಿದಳು, ಮಲಾಡಿಗೆ ಬಂದರು, ಅವನ ಕೂದಲು ನೆರೆಯಿತು. ಪ್ರತಿ ಡಿಸೆಂಬರಿನಲ್ಲೂ ಬೇಕರಿಯಿಂದ ಮನೆಯವರೆಗೆ ಮಾರ್ತವ್ವನೇ ಹೊತ್ತಳು. ಮೈ ಕಾಯುತ್ತಿದ್ದ ವರ್ಷವೂ ಇನ್ನೊಬ್ಬರ ಕೈಗೆ ಕೊಡಲಿಲ್ಲ.

*

ಮಾರ್ತವ್ವನ ಪೆಟ್ಟಿಗೆ ಗುಂಡಿಗೆ ಇಳಿಸುವ ಹೊತ್ತಿಗೆ ದೂಜ ಬಾಯಿ ಏದುಸಿರು ಬಿಡುತ್ತ ಬಂದು ಸೇರಿದಳು. ಈಗಿನ ಕಾಲ, ಹೆಂಗಸರೂ ಸಮಾಧಿಗೆ ಬಂದಿದ್ದರು. ಹಾಡು ಮುಗಿಯಿತು, ಪಾದ್ರಿಗಳು ಪ್ರಾರ್ಥನೆ ಮಾಡಿದರು, ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಮಣ್ಣು ಹಾಕಲು ಬಗ್ಗಿದ ದೂಜ ಬಾಯಿಯ ಕೈಯಿಂದ ಹುರಿದ ಶೇಂಗಾದ ವಾಸನೆ ಬಂತು. ರಾಹೇಲವ್ವನಿಗೂ ಬಂತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೆಳಗಿನಿಂದ ಅಳದಿದ್ದವಳು, ಆಗ ಅತ್ತಳು.

ಸಮುವೇಲಪ್ಪನ ಸರದಿ ಬಂತು. ಮಣ್ಣು ಹಿಡಿದು ಗುಂಡಿಯ ಕಡೆ ಬಗ್ಗಿದ.

"ಉಬ್ಬೇತಿ, ಮಾರ್ತಾ," ಎಂದ ಮೆಲ್ಲಗೆ. ಸುತ್ತ ನಿಂತವರು ಅದನ್ನು ಪ್ರಾರ್ಥನೆಯೆಂದು ತಿಳಿದು ತಲೆ ಬಾಗಿಸಿದರು.

ಮರಳುವಾಗ ಎಲ್ಲರೂ ಚಾಳಿನ ದಾರಿ ಹಿಡಿದರು. ಅವನು ಬೇಕರಿಯ ಗಲ್ಲಿಗೆ ತಿರುಗಿದ. ಪ್ರಫುಲ್ಲಾ ಹಿಂದೆ ಬಂದಳು. ಬೇಕರಿಯವನು ಒಳಗಿನಿಂದ ರೊಟ್ಟಿ ತಂದ. ದೂಜ ಬಾಯಿ ಬಿಟ್ಟುಹೋಗಿದ್ದ ಮಾರ್ತವ್ವನ ಬಿಳಿ ಬಟ್ಟೆಯಲ್ಲಿ ಅದನ್ನು ಸುತ್ತಿದ್ದ. "ಬಾಯಿ ಕೆ ಹಾಥ್ ಕಾ ಜೈಸಾ ನಹೀ ಬನಾ ಚಾಚಾ," ಎಂದ, ಮಾರ್ತವ್ವನ ಕೈಯ ರೊಟ್ಟಿಯಂತೆ ಆಗದ ತಪ್ಪು ತನ್ನದೇ ಎಂಬಂತೆ. "ಥೋಡಾ ಝುಕ್ ಗಯಾ," ಎಂದು ವಾಲಿದ ಮಗ್ಗುಲನ್ನು ಬಟ್ಟೆಯ ಮೇಲಿಂದಲೇ ತೋರಿಸಿದ.

ಸಮುವೇಲಪ್ಪ ಎರಡೂ ಕೈ ಚಾಚಿ ಇಸಿದುಕೊಂಡ. ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬಂದರು. ಮುಂದೆ ಬಿಳಿ ಗಂಟನ್ನು ಎದೆಗೆ ಹಿಡಿದ ಮುದುಕ, ಹಿಂದೆ ಬಿಳಿ ಸೀರೆಯಲ್ಲಿ ಅತ್ತ ಕಣ್ಣಿನ ಹುಡುಗಿ, ಇಬ್ಬರ ಕಾಲಿಗೂ ಸಮಾಧಿಯ ಕೆಮ್ಮಣ್ಣು. ಎದುರಿಂದ ಬರುತ್ತಿದ್ದ ಕೈಗಾಡಿಯವನು ಅವರನ್ನು ಕಂಡು ಗಾಡಿ ನಿಲ್ಲಿಸಿದ. ತಲೆಯ ಟೋಪಿ ತೆಗೆದು, ಗಂಟಿನ ಕಡೆ ನೋಡಿ, ಕಣ್ಣು ತಗ್ಗಿಸಿ ನಿಂತ.

"ನಹೀ ಭಯ್ಯಾ, ಯೇ ತೋ..." ಎಂದು ಶುರು ಮಾಡಿದ ಪ್ರಫುಲ್ಲಾ ತಂದೆಯ ಕೈಯಲ್ಲಿನ ಗಂಟನ್ನು ತಿರುಗಿ ನೋಡಿದಳು. ಭಾಂಡುಪ್‌ನಲ್ಲಿ ತೀರಿಹೋದ ಅಣ್ಣನ ವಿಷಯ ಅವಳು ಸಣ್ಣವಳಿದ್ದಾಗ ಒಮ್ಮೆ ಕೇಳಿದ್ದಳು.

ಸಮುವೇಲಪ್ಪ ನಿಂತುಬಿಟ್ಟ.

"ಪಪ್ಪಾ, ನನ್ನ ಕೈಯಾಗ ಕೊಡ್ರಿ."

"ಭಾರ ಐತವ್ವಾ."

"ಇರ್ಲಿ. ಬರುವಾಗ ಮಮ್ಮೀನೇ ಹೊರ್ತಿದ್ಲಲ್ಲಾ."

ಅವನು ಕೊಟ್ಟ. ಯಾರೂ ಹೇಳಿಕೊಡದೆಯೇ ಅವಳ ಒಂದು ಕೈ ಗಂಟಿನ ತಲೆಯ ಕೆಳಗೆ ಹೋಯಿತು.

"ಗರಂ ಐತಿ, ಪಪ್ಪಾ," ಎಂದಳು.

"ಹೂಂ," ಎಂದ ಸಮುವೇಲಪ್ಪ. ಅವನ ಅಂಗಿಯ ಎದೆಯ ಮೇಲೆ ಬೆಣ್ಣೆಯ ಕಲೆ ಅಗಲವಾಗಿ ಹರಡಿತ್ತು, ಅದರ ಕೆಳಗೆ ಮೈ ಇನ್ನೂ ಬೆಚ್ಚಗಿತ್ತು. ಮಗಳನ್ನು ಮುಂದೆ ಬಿಟ್ಟು ಅವನು ಹಿಂದೆ ನಡೆದ. ಅವರಿಬ್ಬರೂ ದಾಟಿ ಹೋಗುವವರೆಗೆ ಕೈಗಾಡಿಯವನು ಟೋಪಿ ಹಾಕಿಕೊಳ್ಳಲಿಲ್ಲ.